ವಿರೋಧಿಯ ಕೈಯಿಂದಲೇ ಬರೆಸಿಕೊಂಡ ರಕ್ಷೆ

ಜೈನರನ್ನು ಕಾಪಾಡಲೆಂದು ಹಾಕಿಸಿದ ಶಾಸನವೊಂದು ರಾಮಾನುಜಾಚಾರ್ಯರ ಸ್ತುತಿಯಿಂದ ಶುರುವಾಗುತ್ತದೆ. ಅದೂ ಸಾಧಾರಣ ಸ್ತುತಿಯಲ್ಲ, ಪಾಷಂಡರೆಂಬ ಕಡಲಿಗೆ ಅವರನ್ನು ಬಡಬಾಗ್ನಿಯೆಂದು ಹೊಗಳುವ ಶ್ಲೋಕ. ಆ ಕಾಲದ ಶ್ರೀವೈಷ್ಣವರ ಲೆಕ್ಕದಲ್ಲಿ ಪಾಷಂಡರ ಸಾಲಿಗೆ ಜೈನರೂ ಸೇರಿದವರೇ. ಹಾಗಿದ್ದೂ ಈ ಕಲ್ಲು ಇರುವುದು ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ, ಹೊಯ್ಸಳ ಒಂದನೆಯ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯ ಬಳಿ. ಶಾಸನದ ಕಾಲ ಶಕ 1290ರ ಕೀಲಕ ಸಂವತ್ಸರ, ಅಂದರೆ ಕ್ರಿ.ಶ. 1368, ಆಳುತ್ತಿದ್ದವನು ವಿಜಯನಗರದ ಬುಕ್ಕರಾಯ. ಇದನ್ನು ಧರ್ಮಸಹಿಷ್ಣುತೆಯ ನಿದರ್ಶನವೆಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿವೆ. ಆದರೆ ಇದನ್ನು ರಾಜನ ಔದಾರ್ಯದ ಕಥೆಯಾಗಿ ಓದುವುದಕ್ಕಿಂತ, ಹಗೆಗೆ ಗುರಿಯಾದ ಒಂದು ಚಿಕ್ಕ ಸಮುದಾಯ ತನ್ನನ್ನು ತಾನು ಉಳಿಸಿಕೊಂಡ ಬಗೆಯ ದಾಖಲೆಯಾಗಿ ಓದುವುದು ಹೆಚ್ಚು ಲಾಭದಾಯಕ. ಹಾಗೆ ಓದಿದಾಗ ಆರಂಭದ ಆ ಶ್ಲೋಕ ವಿಚಿತ್ರವೆನಿಸುವುದಿಲ್ಲ. ಇಡೀ ಶಾಸನದ ಬಲವೇ ಅಲ್ಲಿದೆ ಎಂದು ತಿಳಿಯುತ್ತದೆ.

ಶಾಸನದ ಸಾರ ಇಷ್ಟು. ಜೈನರಿಗೂ ಭಕ್ತರಿಗೂ, ಎಂದರೆ ಶ್ರೀವೈಷ್ಣವರಿಗೂ, ವ್ಯಾಜ್ಯ ಬಂತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ಒಟ್ಟಾಗಿ ಬುಕ್ಕರಾಯನಲ್ಲಿಗೆ ಹೋಗಿ ಭಕ್ತರಿಂದ ಆಗುತ್ತಿರುವ ಅನ್ಯಾಯವನ್ನು ಬಿನ್ನವಿಸಿಕೊಂಡರು. ಅರಸ ಜೈನರ ಕೈಹಿಡಿದು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ತೀರ್ಪು ಕೊಟ್ಟ. ಪಂಚಮಹಾವಾದ್ಯ ಮತ್ತು ಕಳಶದ ಮರ್ಯಾದೆ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು. ಭಕ್ತರ ದೆಸೆಯಿಂದ ಜೈನದರ್ಶನಕ್ಕೆ ಹಾನಿಯಾದರೂ ವೃದ್ಧಿಯಾದರೂ ಅದನ್ನು ವೈಷ್ಣವರು ತಮ್ಮದೇ ಹಾನಿ, ತಮ್ಮದೇ ವೃದ್ಧಿ ಎಂದು ತಿಳಿಯಬೇಕು. ಈ ಕಟ್ಟಳೆಯ ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ಶ್ರೀವೈಷ್ಣವರೇ ನೆಡಿಸಬೇಕು. ಆಮೇಲೆ ಬರುವುದು ಖರ್ಚುವೆಚ್ಚದ ವಿವರ. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ ಕೊಡತಕ್ಕದ್ದು. ಶ್ರೀವೈಷ್ಣವರ ಕಡೆಯ ತಿರುಮಲೆಯ ತಾತಯ್ಯ ಆ ದುಡ್ಡಿನಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸತಕ್ಕದ್ದು. ಉಳಿದುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣಬಣ್ಣ ಮಾಡಿಸತಕ್ಕದ್ದು. ತಪ್ಪಿದವರು ರಾಜದ್ರೋಹಿಗಳು, ಸಂಘಕ್ಕೂ ಸಮುದಾಯಕ್ಕೂ ದ್ರೋಹಿಗಳು.

ಇಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಜೈನರ ಕೈಯನ್ನು ಯಾರ ಕೈಯಲ್ಲಿ ಇಡಲಾಯಿತು ಎಂಬ ಪಟ್ಟಿಯನ್ನು. ಅದು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಯ ಆಚಾರ್ಯರಿಂದ ತೊಡಗಿ, ದೇವಸ್ಥಾನದ ಬಗೆಬಗೆಯ ಊಳಿಗದವರನ್ನು ಹೆಸರಿಸಿ, ತಿರುಕುಲ ಮತ್ತು ಜಾಂಬವಕುಲದವರ ತನಕ ಇಳಿಯುತ್ತದೆ. ಹದಿನೆಂಟು ನಾಡಿನ ಶ್ರೀವೈಷ್ಣವರು ಅದರಲ್ಲಿದ್ದಾರೆ. ಮೇಲುಕೋಟೆ ಬೆಳಗೊಳಕ್ಕೆ ದೂರವೇನಲ್ಲ, ಶ್ರೀರಂಗ ಬಹುದೂರ. ಆದರೂ ಎರಡೂ ಕಡೆಯವರು ಹೊಣೆಗಾರರು. ಪೀಠದ ಮೇಲೆ ಕೂತವರು ಒಪ್ಪಿಕೊಂಡರೂ ಬೀದಿಯಲ್ಲಿ ವಾದ್ಯ ನಿಲ್ಲಿಸುವವರು ಬೇರೆಯವರಿರುತ್ತಾರೆ ಎಂಬುದು ಈ ಪಟ್ಟಿ ಮಾಡಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಬಿನ್ನಹ ಮಾಡಿಕೊಂಡ ಜೈನರಿಗೆ ರಾಜನ ಆಜ್ಞೆಯೊಂದೇ ಸಾಕಾಗಿದ್ದರೆ ಅದರ ಒಂದು ಸಾಲು ಕೆತ್ತಿಸಿ ಮುಗಿಸಬಹುದಿತ್ತು. ಅವರಿಗೆ ದೊರೆತದ್ದು ಅದಕ್ಕಿಂತ ಗಟ್ಟಿಯಾದದ್ದು: ತಮ್ಮನ್ನು ಕಾಡುತ್ತಿದ್ದ ಪಂಥ, ತನ್ನ ಗುರುವಿನ ಸ್ತುತಿಯ ಕೆಳಗೆ, ತನ್ನ ಸಮಸ್ತರ ಹೆಸರಿನಲ್ಲಿ ಕೊಟ್ಟ ಮಾತು. ರಾಮಾನುಜರ ಶ್ಲೋಕ ಮೇಲಿರುವುದರಿಂದಲೇ ಇದನ್ನು ಮುರಿಯುವ ಶ್ರೀವೈಷ್ಣವ ತನ್ನ ಗುರುವಿನೆದುರೇ ತಪ್ಪಿತಸ್ಥನಾಗುತ್ತಾನೆ.

ಈ ಮಾತಿನ ತೂಕ ತಿಳಿಯಬೇಕಾದರೆ, ದ್ವೇಷಕ್ಕೆ ಉತ್ತರ ಕೊಡುವ ಕೆಲಸವನ್ನು ಎರಡು ಸಾವಿರ ವರ್ಷಗಳಿಂದ ಮಾಡುತ್ತ ಬಂದ ಯೆಹೂದಿಗಳ ಚರಿತ್ರೆಯ ಪಕ್ಕದಲ್ಲಿ ಇದನ್ನಿಟ್ಟು ನೋಡಬೇಕು. ಕ್ರಿ.ಶ. 38ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಯೆಹೂದಿಗಳ ಮೇಲೆ ದೊಂಬಿಯಾದಾಗ ತತ್ತ್ವಜ್ಞಾನಿ ಫೈಲೋ ನಿಯೋಗ ಕಟ್ಟಿಕೊಂಡು ರೋಮಿನ ಚಕ್ರವರ್ತಿಯ ಬಳಿಗೆ ಹೋದ. ಎದುರು ಪಕ್ಷದ ನಿಯೋಗದಲ್ಲಿದ್ದವನು ಏಪಿಯನ್. ಯೆಹೂದಿಗಳು ಕತ್ತೆಯ ತಲೆಯನ್ನು ಪೂಜಿಸುತ್ತಾರೆ, ಪರಕೀಯನೊಬ್ಬನನ್ನು ಕೊಬ್ಬಿಸಿ ಬಲಿಕೊಡುತ್ತಾರೆ ಎಂಬಂಥ ಸುಳ್ಳುಗಳನ್ನು ಬರೆದವನು ಇವನೇ. ಅದೇ ಶತಮಾನದ ಕೊನೆಯ ಹೊತ್ತಿಗೆ ಯೆಹೂದಿ ಇತಿಹಾಸಕಾರ ಜೋಸೀಫಸ್ ಒಂದು ಪುಸ್ತಕವನ್ನೇ ಬರೆದು ಇವನ್ನು ಒಂದೊಂದಾಗಿ ಖಂಡಿಸಿದ. ಖಂಡನೆ ಸರಿಯಾಗಿತ್ತು, ಸುಳ್ಳು ಸಾಯಲಿಲ್ಲ. ನರಬಲಿಯ ಆರೋಪ 1144ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಹುಡುಗನೊಬ್ಬನ ಕೊಲೆಯ ಸುತ್ತ ಹೊಸ ವೇಷದಲ್ಲಿ ಎದ್ದಿತು; 1840ರಲ್ಲಿ ಡಮಾಸ್ಕಸ್‌ನಲ್ಲಿ ಪಾದ್ರಿಯೊಬ್ಬ ಕಾಣೆಯಾದಾಗ ಅದೇ ಆರೋಪ ಹೊರಿಸಿ ಯೆಹೂದಿಗಳನ್ನು ಹಿಡಿದು ಹಿಂಸಿಸಿದರು. ಜಗತ್ತನ್ನು ಆಳಲು ಯೆಹೂದಿ ಹಿರಿಯರು ಸಂಚು ಹೂಡಿದ್ದಾರೆನ್ನುವ ‘ಪ್ರೋಟೋಕಾಲ್ಸ್’ ಎಂಬ ಬರಹ ಕೃತಿಚೌರ್ಯದ ಖೋಟಾ ಎಂದು 1921ರಲ್ಲೇ ಲಂಡನ್ನಿನ ‘ಟೈಮ್ಸ್’ ಪತ್ರಿಕೆ ಸಾಲು ಸಾಲು ಹೋಲಿಸಿ ತೋರಿಸಿತು. ಅದಾಗಿ ನೂರು ವರ್ಷ ಕಳೆದರೂ ಅದು ಮುದ್ರಣವಾಗುತ್ತಲೇ ಇದೆ. ಪುರಾವೆ ಬೇಕೇ ಬೇಕು. ಆದರೆ ದ್ವೇಷಿಸಲು ಮನಸ್ಸು ಮಾಡಿದವನು ಪುರಾವೆಗಾಗಿ ಕಾಯುತ್ತ ಕೂತಿರುವುದಿಲ್ಲ.

ಪುರಾವೆಯಿಂದ ಖಂಡಿಸುವುದು ಒಂದು ದಾರಿಯಾದರೆ, ಎರಡನೆಯ ದಾರಿ ಕೈಗೆ ದೊಣ್ಣೆ ಎತ್ತಿಕೊಳ್ಳುವುದು. 1903ರ ಏಪ್ರಿಲ್‌ನಲ್ಲಿ ರಷ್ಯಾ ಸಾಮ್ರಾಜ್ಯದ ಕಿಶಿನೆವ್‌ನಲ್ಲಿ ಯೆಹೂದಿಗಳ ಹತ್ಯಾಕಾಂಡ ನಡೆದ ಮೇಲೆ ಊರೂರಲ್ಲಿ ಆತ್ಮರಕ್ಷಣಾ ದಳಗಳು ಹುಟ್ಟಿದವು. ಅದೇ ವರ್ಷ ಗೋಮೆಲ್‌ನಲ್ಲಿ ದೊಂಬಿಯಾದಾಗ ದಳದವರು ಎದುರು ನಿಂತು ಕಾದಾಡಿದರು. ಅದರಿಂದ ಜೀವಗಳು ಉಳಿದವು, ತಲೆಯೆತ್ತಿ ನಡೆಯುವ ಧೈರ್ಯ ಬಂತು. ಆದರೆ ಸರ್ಕಾರ ದೊಂಬಿ ಮಾಡಿದವರ ಜೊತೆಗೆ ತಡೆದವರನ್ನೂ ಕಟಕಟೆಗೆ ತಂದಿತು. ಮೂರನೆಯದು ಆಳುವವನ ರಕ್ಷಣೆ ಬೇಡುವುದು. ಅಲೆಕ್ಸಾಂಡ್ರಿಯಾದ ಗಲಭೆಯ ನಂತರ ಕ್ರಿ.ಶ. 41ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ಊರವರಿಗೆ ಬರೆದ ಓಲೆ ಬೆಳಗೊಳದ ಶಾಸನಕ್ಕೆ ಮೇಲ್ನೋಟಕ್ಕೆ ಬಹಳ ಹತ್ತಿರದ್ದು. ಯೆಹೂದಿಗಳು ಹಿಂದಿನಿಂದ ಆಚರಿಸಿಕೊಂಡು ಬಂದದ್ದನ್ನು ಆಚರಿಸಲು ಬಿಡಿ ಎಂದು ಅವನೂ ಹೇಳುತ್ತಾನೆ. ಆದರೆ ಮರುಗಳಿಗೆಯೇ ಯೆಹೂದಿಗಳತ್ತ ತಿರುಗಿ, ಇದಕ್ಕಿಂತ ಹೆಚ್ಚು ಕೇಳಬೇಡಿ, ಕೇಳಿದರೆ ಲೋಕಕ್ಕೆ ಪಿಡುಗು ಹರಡುವವರೆಂದು ಭಾವಿಸಿ ದಂಡಿಸುತ್ತೇನೆ ಎಂದು ಗದರಿಸುತ್ತಾನೆ. ಅಲ್ಲಿ ರಕ್ಷಣೆ ಮೇಲಿನಿಂದ ಇಳಿದ ಕಟ್ಟಪ್ಪಣೆ. ನೆರೆಯವರು ಹೊಣೆ ಹೊತ್ತದ್ದೇನೂ ಅದರಲ್ಲಿಲ್ಲ. ಬುಕ್ಕನ ತೀರ್ಪು ಕ್ಲಾಡಿಯಸನ ಓಲೆಗಿಂತ ಮೇಲಾಗುವುದು ಈ ಒಂದು ಅಂಶದಲ್ಲಿ.

ಇದು ಒಂದೇ ಒಂದು ಅಪೂರ್ವ ಘಟನೆಯಾಗಿದ್ದರೆ ವಾದ ಸಡಿಲವಾಗುತ್ತಿತ್ತು. ಆದರೆ ಇದೇ ಹಾಸನ ಸೀಮೆಯಲ್ಲಿ, 270 ವರ್ಷಗಳ ನಂತರ, ಬೇರೆ ಪಂಥದೊಡನೆ ಅದೇ ಕ್ರಮ ಮತ್ತೆ ಕಾಣುತ್ತದೆ. 1638ರಲ್ಲಿ ಹಳೇಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವ ಎಂಬ ವೀರಶೈವ ಲಿಂಗಮುದ್ರೆ ಒತ್ತಿದ. ವಿಜಯಪ್ಪನೆಂಬ ಜೈನ ಅದನ್ನು ಅಳಿಸಿಹಾಕಿದ. ಆಗ ಬೇಲೂರನ್ನು ಆಳುತ್ತಿದ್ದವನು ವೆಂಕಟಾದ್ರಿ ನಾಯಕ. ಜೈನ ಸೆಟ್ಟರು ಸೇರಿ ದೂರು ಒಯ್ದರು. ವೀರಶೈವರ ಮಹಾಮಹತ್ತು ಕೂಡಿ ಒಂದು ಒಪ್ಪಂದಕ್ಕೆ ಬಂತು: ಮೊದಲು ವಿಭೂತಿ ವೀಳ್ಯ ಸಲ್ಲಲಿ, ಆಮೇಲೆ ಜೈನರು ತಮ್ಮ ಪೂಜೆ ಪುನಸ್ಕಾರಗಳನ್ನು ಹಿಂದಿನಂತೆ ಆಚಂದ್ರಾರ್ಕವಾಗಿ ನಡೆಸಿಕೊಳ್ಳಲಿ. ಈ ಜೈನಧರ್ಮಕ್ಕೆ ಅಡ್ಡಬಂದವನಿಗೆ ಶಾಸನ ಕೊಡುವ ಬಿರುದು ನೋಡಿ: ಅವನು ಶಿವದ್ರೋಹಿ, ಜಂಗಮದ್ರೋಹಿ, ಮಹಾಮಹತ್ತಿನ ಪಾದಕ್ಕೆ ಹೊರಗು. ಬಸದಿಯ ಕಂಬ ಮುಟ್ಟಿದ ವೀರಶೈವನನ್ನು ಶಿವನ ಹೆಸರಿನಲ್ಲೇ ಶಪಿಸಲಾಗಿದೆ. 1368ರ ಕಲ್ಲು ರಾಮಾನುಜರ ಹೆಸರಿನಿಂದ ಮಾಡಿದ ಕೆಲಸವನ್ನು 1638ರ ಕಲ್ಲು ಶಿವನ ಹೆಸರಿನಿಂದ ಮಾಡಿತು. ಪೆಟ್ಟು ತಿಂದವನು ತನ್ನ ದೇವರ ಆಣೆ ಇಟ್ಟರೆ ಹೊಡೆದವನಿಗೆ ನಾಟುವುದಿಲ್ಲ; ಹೊಡೆದವನ ದೇವರ ಆಣೆಯೇ ನಾಟಬೇಕು.

ಇದಕ್ಕೆ ಆಕ್ಷೇಪಗಳಿವೆ. ನಮ್ಮ ನಾಡು ಮೊದಲಿನಿಂದಲೂ ಸಹಿಷ್ಣು, ಇಲ್ಲಿ ಅಂಥ ಹಗೆಯೇ ಇರಲಿಲ್ಲ, ಹಾಗಿರುವಾಗ ಯೆಹೂದಿಗಳ ಪಾಡಿನೊಡನೆ ಹೋಲಿಕೆ ಏಕೆ ಎನ್ನುವುದು ಮೊದಲನೆಯದು. ಯೆಹೂದಿಗಳು ಯುರೋಪಿನಲ್ಲಿ ಅನುಭವಿಸಿದ್ದನ್ನು ಯಾವುದಕ್ಕೂ ಸಮ ಮಾಡುವಂತಿಲ್ಲ, ಒಪ್ಪಬೇಕಾದ ಮಾತು. ಆದರೆ ಅನ್ಯಾಯವಾಗದೆ ಅನ್ಯಾಯದ ಬಿನ್ನಹ ಕಲ್ಲೇರುವುದಿಲ್ಲ. ಸುಮಾರು 1200ರ ಅಬ್ಬಲೂರಿನ ಶಾಸನ ಶಿವಭಕ್ತ ಏಕಾಂತದ ರಾಮಯ್ಯ ಜೈನರನ್ನು ಸೋಲಿಸಿ ಬಸದಿ ಕೆಡವಿದ್ದನ್ನೂ ಅರಸ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟದ್ದನ್ನೂ ಹೆಮ್ಮೆಯಿಂದಲೇ ಹೇಳುತ್ತದೆ. ಅತ್ತ ಇದರ ವಿರುದ್ಧ ದಿಕ್ಕಿನ ಉತ್ಪ್ರೇಕ್ಷೆಯೂ ನಡೆದಿದೆ. ಹೊಯ್ಸಳ ಅರಸ ವಿಷ್ಣುವರ್ಧನ ವೈಷ್ಣವನಾದೊಡನೆ ಜೈನರನ್ನು ಗಾಣಕ್ಕೆ ಹಾಕಿ ಅರೆಸಿದ ಎಂಬ ಐತಿಹ್ಯ ಈಗಲೂ ಬಾಯಿಂದ ಬಾಯಿಗೆ ಹೋಗುತ್ತದೆ. ಶಾಸನಗಳ ಸಾಕ್ಷ್ಯವೇ ಬೇರೆ: ಅವನ ರಾಣಿ ಶಾಂತಲೆ ಜೈನಳಾಗಿಯೇ ಉಳಿದು 1123ರಲ್ಲಿ ಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಕಟ್ಟಿಸಿದಳು, ಅವನ ದಂಡನಾಯಕ ಗಂಗರಾಜ ಕೊನೆಯವರೆಗೂ ಜೈನ, ಗಂಗರಾಜನ ಮಗ ಬೊಪ್ಪ 1133ರಲ್ಲಿ ಹಳೇಬೀಡಿನಲ್ಲಿ ಕಟ್ಟಿಸಿದ ಬಸದಿಯ ದೇವರಿಗೆ ವಿಜಯಪಾರ್ಶ್ವನೆಂದು ಹೆಸರಿಟ್ಟವನು ವಿಷ್ಣುವರ್ಧನನೇ. ಮುಂದೆ ಲಿಂಗಮುದ್ರೆಯ ಜಗಳ ನಡೆದದ್ದೂ ಈ ಬಸದಿಯಲ್ಲೇ. ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ ಶಾಸನಗಳನ್ನು ಅಚ್ಚುಮಾಡಿಸಿ, ಆರ್. ನರಸಿಂಹಾಚಾರ್ 1923ರಲ್ಲಿ ಆ ಸಂಪುಟವನ್ನು ಐದುನೂರು ಶಾಸನಗಳಿಗೆ ಹಿಗ್ಗಿಸಿದ ಮೇಲೆ ಈ ಎರಡು ಬಗೆಯ ಕಥೆಗಳನ್ನೂ ಕಣ್ಣುಮುಚ್ಚಿ ನಂಬಲು ನೆಪ ಉಳಿದಿಲ್ಲ. ಇರದಿದ್ದ ಸ್ವರ್ಗವನ್ನಾಗಲಿ ನಡೆಯದ ಘೋರವನ್ನಾಗಲಿ ಹೇಳುವುದು ನೊಂದವರಿಗೆ ಉಪಕಾರವಲ್ಲ. ಒಂದು ಅವರ ದೂರನ್ನೇ ಅಳಿಸುತ್ತದೆ, ಇನ್ನೊಂದು ಆ ದೂರನ್ನು ಯಾರೂ ನಂಬದಂತೆ ಮಾಡುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಹರಿತವಾದದ್ದು. ಕಾಡಿದವರೇ ಕಾವಲುಗಾರರನ್ನು ನೇಮಿಸುವುದು, ಆ ಕಾವಲುಗಾರರ ಸಂಬಳಕ್ಕೆ ಕಾಡಿಸಿಕೊಂಡವರು ಮನೆಗೊಂದು ಹಣ ತೆರುವುದು, ಇದು ರಕ್ಷಣೆಯೇ ಅಥವಾ ಕಪ್ಪವೇ? ಅವಮಾನದ ಎಳೆಯೊಂದು ಇದರಲ್ಲಿ ಇಲ್ಲವೆನ್ನಲಾಗದು. ಆದರೆ ಕಪ್ಪಕ್ಕೂ ಇದಕ್ಕೂ ವ್ಯತ್ಯಾಸ ಶಾಸನದ ಲೆಕ್ಕದಲ್ಲೇ ಇದೆ. ಎಷ್ಟು ಎತ್ತಬೇಕು, ಎಷ್ಟು ಆಳು ಇಡಬೇಕು, ಮಿಕ್ಕದ್ದು ಎಲ್ಲಿಗೆ ಹೋಗಬೇಕು ಎಲ್ಲವೂ ಓದಬಲ್ಲ ಯಾರಿಗಾದರೂ ಕಾಣುವಂತೆ ಬರೆದಿದೆ. ಮಿಕ್ಕ ಹಣ ತಾತಯ್ಯನ ಉಗ್ರಾಣಕ್ಕೆ ಹೋಗದೆ ಜಿನಾಲಯಗಳ ಸುಣ್ಣಕ್ಕೆ ಹೋಗಬೇಕು. ಇದೆಲ್ಲ ಜೈನರ ಒಪ್ಪಿಗೆಯಿಂದ ಆದದ್ದೆಂದೂ ಹೇಳಿದೆ. ಇಪ್ಪತ್ತು ಆಳುಗಳಿರುವ ಕಡೆ ಏನಾದರೂ ಕೆಟ್ಟರೆ ಯಾರನ್ನು ಕೇಳಬೇಕೆಂಬುದು ನಿಶ್ಚಿತ. ಜೈನರೇ ಕಾವಲಿಟ್ಟಿದ್ದರೆ ಗಲಭೆಯ ದಿನ ಎರಡು ಗುಂಪುಗಳ ಹೊಡೆದಾಟವೆಂದು ಕೈತೊಳೆದುಕೊಳ್ಳಬಹುದಿತ್ತು. ಗೋಮೆಲ್‌ನಲ್ಲಿ ಆದದ್ದೂ ಅದೇ ಅಲ್ಲವೆ?

ಹಾಗಾದರೆ ಕಲ್ಲು ಹಾಕಿಸಿದ ಮೇಲೆ ಎಲ್ಲ ಸರಿಹೋಯಿತೆ ಎಂಬುದು ಮೂರನೆಯ ಪ್ರಶ್ನೆ. ಹೋಗಲಿಲ್ಲ. ಅದೇ ಕಲ್ಲಿನ ಕೊನೆಯಲ್ಲಿ ಒಂದು ಸೇರ್ಪಡೆ ಇದೆ: ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಸಿ, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದ. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಇಂದಿನ ಮಾಗಡಿ ತಾಲ್ಲೂಕಿನ ಕಲ್ಯವೇ ಆ ಕಲ್ಲೆಹ. ಅಲ್ಲಿಯೂ ಈ ಒಪ್ಪಂದದ ಶಾಸನ ಸಿಕ್ಕಿದೆ. ಅಂದರೆ ಒಪ್ಪಂದ ತಾನಾಗಿ ಬಾಳಲಿಲ್ಲ. ವ್ಯಾಪಾರಿಯೊಬ್ಬ ಅದರ ಬೆನ್ನುಹತ್ತಿ ಓಡಾಡಿದ್ದರಿಂದ ಬಾಳಿತು. ಜೈನರಿಗೆ ಸೆಟ್ಟರ ಹಣವಿತ್ತು, ವಿಜಯನಗರದ ಆಸ್ಥಾನದಲ್ಲಿ ಮುಂದೆ ಹಂಪೆಯಲ್ಲೇ ಬಸದಿ ಕಟ್ಟಿಸಿದ ಇರುಗಪ್ಪ ದಂಡನಾಯಕನಂಥವರಿದ್ದರು ಎಂಬುದೂ ನಿಜ. ಅಷ್ಟೂ ಇಲ್ಲದವರಿಗೆ ಈ ದಾರಿ ಇನ್ನೂ ಕಡಿದು. ಎಲ್ಲಕ್ಕಿಂತ ದೊಡ್ಡ ಮಿತಿ ಇನ್ನೊಂದಿದೆ: ಆಳುವವನೇ ಹಗೆಯಾದರೆ ಬಿನ್ನಹಕ್ಕೆ ಕಿವಿಯಿಲ್ಲ. ಜರ್ಮನಿಯ ಯೆಹೂದಿಗಳು 1893ರಲ್ಲಿ ಬರ್ಲಿನ್ನಿನಲ್ಲಿ ಕೇಂದ್ರ ಸಂಘ ಕಟ್ಟಿ ದಶಕಗಳ ಕಾಲ ಕೋರ್ಟಿನಲ್ಲೂ ಪತ್ರಿಕೆಯಲ್ಲೂ ಹೋರಾಡಿದರು. 1933ರ ನಂತರ ಆ ಕೋರ್ಟೇ ಅವರ ವಿರುದ್ಧ ನಿಂತಿತು. ಅಬ್ಬಲೂರಿನಲ್ಲಿ ಜಯಪತ್ರ ಎತ್ತ ಹೋಯಿತೆಂಬುದನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ.

ಈ ಮಿತಿಗಳನ್ನೆಲ್ಲ ಒಪ್ಪಿಕೊಂಡ ಮೇಲೂ ಬೆಳಗೊಳದ ಕಲ್ಲು ಹೇಳುವುದೊಂದು ಉಳಿಯುತ್ತದೆ. ಯೆಹೂದಿದ್ವೇಷದ ಚರಿತ್ರೆಯಲ್ಲಿ ಇದಕ್ಕೆ ಸಮನಾದದ್ದನ್ನು ಹುಡುಕಿದರೆ ಸಿಗುವುದು 1965ರ ಅಕ್ಟೋಬರ್ 28ರಂದು ಕ್ಯಾಥೊಲಿಕ್ ಚರ್ಚು ಹೊರಡಿಸಿದ ಘೋಷಣೆ. ಕ್ರಿಸ್ತನ ಮರಣದ ಹೊಣೆಯನ್ನು ಯೆಹೂದಿ ಜನಾಂಗದ ಮೇಲೆ ಹೊರಿಸುವಂತಿಲ್ಲ ಎಂದು, ಶತಮಾನಗಳಿಂದ ಹಾಗೆ ಹೊರಿಸುತ್ತ ಬಂದವರ ಪೀಠದಿಂದಲೇ ಬಂದ ಮಾತು ಅದು. ಜೋಸೀಫಸನ ಖಂಡನೆಯಲ್ಲಿ ತರ್ಕ ಸಾಕಷ್ಟಿತ್ತು, ಆದರೆ ದ್ವೇಷಿಸುವವರ ಮೇಲೆ ಅಧಿಕಾರವಿದ್ದದ್ದು ಆ ಪೀಠಕ್ಕೆ. ಆದ್ದರಿಂದ ಒಂದು ಚಿಕ್ಕ ಸಮುದಾಯ ಅಪವಾದಕ್ಕೆ, ಹಗೆಗೆ ಗುರಿಯಾದಾಗ ಆ ಸಮುದಾಯ ಏನು ಉತ್ತರ ಕೊಟ್ಟಿತು ಎಂದು ಕೇಳಿ ಸುಮ್ಮನಾಗುವುದು ಅರ್ಧ ಪ್ರಶ್ನೆ. ಉತ್ತರ ಕೊಡುವ ಭಾರವನ್ನೆಲ್ಲ ನೊಂದವರ ಮೇಲೆ ಹಾಕಿ, ಉಳಿದವರು ತೀರ್ಪುಗಾರರಂತೆ ಕೂತು ಸಾಕ್ಷ್ಯ ಸಾಲದು ಎನ್ನುವುದು ಸುಲಭ. ಹದಿನೆಂಟು ನಾಡಿನ ಶ್ರೀವೈಷ್ಣವರಿಗೆ ಬುಕ್ಕರಾಯ ಆ ಸೌಕರ್ಯ ಕೊಡಲಿಲ್ಲ. ದೊಡ್ಡ ಸಮುದಾಯದ ಗುರುಮಠಗಳು, ಮುಖಂಡರು, ಊರ ಯಜಮಾನರು ತಮ್ಮವರನ್ನು ಉದ್ದೇಶಿಸಿ, ತಮ್ಮ ಗುರುವಿನ ಹೆಸರಿನಲ್ಲಿ, ಎಲ್ಲರೂ ಓದುವ ಜಾಗದಲ್ಲಿ ಏನು ಬರೆಸಿದರು, ಅದರ ಖರ್ಚಿಗೂ ಕಾವಲಿಗೂ ಯಾರನ್ನು ಹೊಣೆ ಮಾಡಿದರು ಎಂಬುದು ಉಳಿದರ್ಧ ಪ್ರಶ್ನೆ. ಹಗೆ ನಿಜವಾಗಿ ಕಡಿಮೆಯಾಯಿತೋ ಇಲ್ಲವೋ ಎಂಬುದನ್ನು ಅಳೆಯಬೇಕಾದದ್ದು ಆ ಎರಡನೆಯ ಉತ್ತರದಿಂದ.