ಇಡ್ಲಿ ತಟ್ಟೆಗೆ ಪ್ಲಾಸ್ಟಿಕ್ ಬಂದ ಕಥೆ

ನಮ್ಮ ಕಡೆ ಹಬೆಯಲ್ಲಿ ಬೇಯಿಸೋ ತಿಂಡಿಗೆ ಲೆಕ್ಕ ಇಲ್ಲ. ಅಕ್ಕಿ ಕಡುಬು, ಪತ್ರೊಡೆ, ಹಲಸಿನೆಲೆ ಕೊಟ್ಟೆ ಕಡುಬು, ಅರಿಶಿನ ಎಲೆ ಕಡುಬು. ಅಮ್ಮನ ಕಾಲದಲ್ಲಿ ಹಿಟ್ಟಿನ ಕೆಳಗೆ ಇರ್ತಿದ್ದದ್ದು ಒಂದೋ ಎಲೆ, ಇಲ್ಲಾ ಒದ್ದೆ ಬಟ್ಟೆ. ಮಳೆಗೆ ಗೊರಬು, ಕಂಬಳಿ ಕೊಪ್ಪೆ. ಉಪ್ಪಿನಕಾಯಿಗೆ ಭರಣಿ. ಆಮೇಲೆ ಒಂದೊಂದೇ ಜಾಗಕ್ಕೆ ಪ್ಲಾಸ್ಟಿಕ್ ಬಂತು: ಕೊಪ್ಪೆ, ಕಾಫಿ ಸಸಿ ತೊಟ್ಟೆ, ಟಾರ್ಪಾಲು. ನಾವ್ಯಾರೂ ಬೇಡ ಅನ್ಲಿಲ್ಲ. ಹಗುರ, ಅಗ್ಗ, ನೆನೆಯೋದಿಲ್ಲ. ನಮ್ಮ ಮಳೆಗೆ ಇನ್ನೆಂತ ಬೇಕು?

ಇದು ತೀರಾ ಹಳೇದೇನಲ್ಲ. ಪೂರ್ತಿ ಕೃತಕವಾದ ಮೊದಲ ಪ್ಲಾಸ್ಟಿಕ್ ಬೇಕಲೈಟ್ ತಯಾರಾದದ್ದು 1907ರಲ್ಲಿ. ತೊಟ್ಟೆಯ ಪಾಲಿಥೀನ್ 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿದ್ದು. ಅದು ಎಲೆ ಹಾಗೆ ಕೊಳೆಯೋದಿಲ್ಲ, ಪುಡಿ ಆಗ್ತಾ ಹೋಗ್ತದೆ. 5 ಮಿಲಿಮೀಟರಿಗಿಂತ ಸಣ್ಣ ಚೂರಿಗೆ ಮೈಕ್ರೋಪ್ಲಾಸ್ಟಿಕ್ ಅಂತಾರೆ. 2004ರಲ್ಲಿ ರಿಚರ್ಡ್ ಥಾಂಪ್ಸನ್ ಅನ್ನೋ ವಿಜ್ಞಾನಿ ಬ್ರಿಟನ್ನಿನ ಕಡಲತೀರದಲ್ಲಿ ಇಂಥ ಚೂರು ತೋರಿಸಿದ್ರು. ಕಡಲು ನಮಗೆ ದೂರ, ಸರಿ. ಆದ್ರೆ 2020ರ ಕೊನೆಗೆ ಇಟಲಿಯಲ್ಲಿ ಹೆರಿಗೆಯಾದ ಹೆಂಗಸರ ಮಾಸಿನಲ್ಲೇ ಸಿಕ್ತು. 2022ರಲ್ಲಿ ನೆದರ್ಲೆಂಡ್ಸ್‌ನಲ್ಲಿ 22 ಜನರ ರಕ್ತ ನೋಡಿದ್ರೆ 17 ಜನರಲ್ಲಿ ಇತ್ತು. 2024ರಲ್ಲಿ ಇಟಲಿಯವರ ಇನ್ನೊಂದು ಅಧ್ಯಯನ ಬಂತು: ಕತ್ತಿನ ರಕ್ತನಾಳದ ಕೊಬ್ಬಲ್ಲಿ ಪ್ಲಾಸ್ಟಿಕ್ ಇದ್ದವರಿಗೆ ಹೃದಯಾಘಾತ, ಪಾರ್ಶ್ವವಾಯು, ಸಾವಿನ ಅಪಾಯ ಸುಮಾರು ನಾಲ್ಕೂವರೆ ಪಟ್ಟು. ಪ್ಲಾಸ್ಟಿಕ್ಕೇ ಕಾರಣ ಅಂತ ಅದು ಸಾಬೀತು ಮಾಡಿಲ್ಲ. ಎರಡೂ ಜೊತೆಗೆ ಕಂಡದ್ದು ಮಾತ್ರ ನಿಜ. ಅಷ್ಟಕ್ಕೇ ಹೆದರಿ ಕೂರೋದು ಬೇಡ, ಸುಮ್ಮನೆ ಕೂರೋದೂ ಬೇಡ.

ನಮ್ಮ ರಾಜ್ಯ 2016ರ ಮಾರ್ಚಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಊಟದ ಮೇಜಿನ ಹಾಳೆ ನಿಷೇಧಿಸಿತ್ತು. ಆದ್ರೂ 2025ರ ಫೆಬ್ರವರಿಲಿ ಹೋಟೆಲುಗಳ ಇಡ್ಲಿ ತಪಾಸಣೆ ಮಾಡಿದಾಗ, ಸುಮಾರು 250ರಲ್ಲಿ 50ಕ್ಕೂ ಹೆಚ್ಚು ಕಡೆ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಸಿದ್ರು! ಆರೋಗ್ಯ ಮಂತ್ರಿ ದಿನೇಶ್ ಗುಂಡೂರಾವ್ ಅದನ್ನು ನಿಲ್ಲಿಸ್ತೀವಿ ಅಂದ್ರು. ಬಿಸಿ ತಾಗಿದ್ರೆ ಪ್ಲಾಸ್ಟಿಕ್ ಹೆಚ್ಚು ಬಿಡ್ತದೆ. ಪೇಪರ್ ಲೋಟದ ಒಳಗೂ ತೆಳು ಪ್ಲಾಸ್ಟಿಕ್ ಪದರ ಇರ್ತದೆ. ಅದರಲ್ಲಿ 100 ಮಿಲಿ ಬಿಸಿನೀರು 15 ನಿಮಿಷ ಇಟ್ರೆ ಸುಮಾರು 25,000 ಚೂರು ಬಿಡ್ತದೆ ಅಂತ 2020ರಲ್ಲಿ ಖರಗ್‌ಪುರ ಐಐಟಿಯವರು ಹೇಳಿದ್ರು. ಕಾಫಿ ಬೆಳೆಯೋ ನಾವು ಕಾಫಿಯನ್ನ ಅದರಲ್ಲಿ ಕುಡಿಯೋದಾ ಮಾರಾಯ್ತಿ?

ಎಲ್ಲರೂ ಬಟ್ಟೆ ಯಾಕೆ ಬಿಟ್ರು ಅಂತ ನಮಗೆ ಗೊತ್ತುಂಟು. ತೊಳೆಯೋರು ನಾವೇ ಅಲ್ವಾ? ಆಟಿ ಮಳೇಲಿ ಒಣಗೋದೂ ಇಲ್ಲ. ಬಚ್ಚಲೊಲೆ ಮೇಲೆ ಹಗ್ಗ ಕಟ್ಟಿ ಹಾಕಿ ನೋಡಿ. ಅದೂ ಆಗದಿದ್ರೆ ಹಿತ್ತಲ ಬಾಳೆಎಲೆ ಕೊಯ್ದು ಬನ್ನಿ. ಅದಕ್ಕೆ ಮಳೆಗಾಲದಲ್ಲೇ ಚೆಂದ.