ಮಧ್ವರ ಜ್ಞಾನವಿಚಾರದಲ್ಲಿ ಮನಸ್ಸು ಮತ್ತು ಸಾಕ್ಷಿ

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವ ಬಂಡೆಯನ್ನು ಊರವರು ‘ಅಕ್ಷರಗುಂಡು’ ಎಂದು ಕರೆಯುತ್ತಿದ್ದರು. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ದನ ಕಾಯುವವನು ಕಂಡ ಗೆರೆಗಳೂ ರೈಸರು ಕಂಡ ಗೆರೆಗಳೂ ಒಂದೇ. ಬ್ರಾಹ್ಮಿ ಬಲ್ಲವನೂ ಕೊನೆಯ ಪದದಲ್ಲಿ ತಡೆದು ನಿಲ್ಲಬೇಕು. ಬರೆದ ಚಪಡನು ‘ಲಿಪಿಕಾರ’ ಎಂಬುದನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಕಣ್ಣಿಗೆ ಬಿದ್ದದ್ದು ಒಂದೇ ಆದರೂ ತಿಳಿವು ಬೇರೆಯಾಗುವುದಾದರೆ, ತಿಳಿವಿನಲ್ಲಿ ಮನಸ್ಸಿನ ಪಾಲೆಷ್ಟು?

ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದರು. ನೈಯಾಯಿಕರು ಸ್ಮರಣೆಯನ್ನು ಪ್ರಮಾಣವೆಂದು ಒಪ್ಪರು, ಮಧ್ವರು ಒಪ್ಪುತ್ತಾರೆ. ಅವರ ಮತದಲ್ಲಿ ಮನಸ್ಸೂ ಒಂದು ಇಂದ್ರಿಯ. ಹಿಂದಿನ ಅನುಭವದ ಸಂಸ್ಕಾರವನ್ನು ಸೇತುವೆಯಾಗಿಸಿಕೊಂಡು ಅದು ಕಳೆದುಹೋದುದನ್ನೇ ಮುಟ್ಟುತ್ತದೆ. ಓದು ಬಲ್ಲವನ ಕಣ್ಣಿನ ಹಿಂದೆ ದುಡಿಯುವುದು ಇದೇ ಅಲ್ಲವೆ?

ಆದರೆ ಮನಸ್ಸಿಗೆ ಇಷ್ಟು ಅಧಿಕಾರ ಕೊಟ್ಟವರು ಕೊನೆಯ ತೀರ್ಪನ್ನು ಅದರ ಕೈಗೆ ಕೊಡಲಿಲ್ಲ. ಮನಸ್ಸು ಜಡ, ಸಂಶಯವೂ ಭ್ರಮೆಯೂ ಅದರವು. ಸುಖದುಃಖಗಳನ್ನೂ ಕಾಲವನ್ನೂ, ಜ್ಞಾನವನ್ನೂ ಅದರ ಪ್ರಾಮಾಣ್ಯವನ್ನೂ ಅರಿಯುವುದು ಆತ್ಮಸ್ವರೂಪವೇ ಆದ ಸಾಕ್ಷಿ. (ಅದ್ವೈತಿಗಳ ಸಾಕ್ಷಿ ಬೇರೆ, ಹೆಸರೊಂದೇ ಎಂದು ಬೆರೆಸಬಾರದು.) ಬೇಸಗೆಯಲ್ಲಿ ಚಳ್ಳಕೆರೆಯ ಬಯಲು ದಾಟುವವನಿಗೆ ಬಿಸಿಲ್ಗುದುರೆ ನೀರಾಗಿ ತೋರುತ್ತದೆ. ನೀರೋ ಅಲ್ಲವೋ ಎಂದು ಮನಸ್ಸು ಹೊಯ್ದಾಡಬಹುದು. ಹತ್ತಿರ ಹೋದರೂ ಆರದ ಬಾಯಾರಿಕೆಯ ಸಂಕಟದಲ್ಲಿ ಮಾತ್ರ ಯಾರಿಗೂ ಸಂಶಯವಿಲ್ಲ. ಪರೀಕ್ಷೆಗೆ ಪರೀಕ್ಷೆ ಬೇಕೆಂಬ ಅನವಸ್ಥೆ ಅಲ್ಲಿ ನಿಲ್ಲುತ್ತದೆ.

ಯುರೋಪಿನಲ್ಲಿ ಇಮ್ಯಾನುಯೆಲ್ ಕಾಂಟನಿಗೂ ಇಂಥದೇ ತೊಡಕು ಎದುರಾಯಿತು. ಅರಿಯುವ ಶಕ್ತಿ ಮನಸ್ಸಿನಲ್ಲಿ ಹೇಗೆ ಉಂಟಾಗುತ್ತದೆ ಎಂಬ ವಿಚಾರ ತನ್ನ ಮುಖ್ಯ ಗುರಿಗೆ ಅವಶ್ಯವಲ್ಲವೆಂದು 1781ರ ತನ್ನ ಮಹಾಗ್ರಂಥದ ಮುನ್ನುಡಿಯಲ್ಲಿಯೇ ಹೇಳಿದ. 1787ರ ಆವೃತ್ತಿಗಾಗಿ ಆ ಪ್ರಕರಣವನ್ನು ಹೊಸದಾಗಿ ಬರೆದ. ಮನಸ್ಸು ಹೇಗೆ ನಡೆಯುತ್ತದೆ ಎಂಬುದು ಒಂದು, ಅದು ಹೇಳಿದ್ದು ನಿಜವೆ ಎಂಬುದು ಇನ್ನೊಂದು. ಮಧ್ವರು ಇವೆರಡನ್ನೂ ಬೇರೆಯಾಗಿಸಿಯೂ ಎರಡನೆಯದನ್ನು ಅನುಭವದ ಹೊರಗೆ ಹುಡುಕಲಿಲ್ಲ. ಅವರ ಧೈರ್ಯ ಇಲ್ಲಿದೆ ಎಂದು ನನ್ನ ಭಾವನೆ.

ಅಪಾಯವೂ ಇಲ್ಲಿಯೇ ಇದೆ. ಮನಸ್ಸಿನ ಹಟವೇ ಸಾಕ್ಷಿಯ ನಿಶ್ಚಯದ ವೇಷ ತೊಟ್ಟು ಬಂದರೆ ಗುರುತಿಸುವುದೆಂತು? ಆದುದರಿಂದಲೇ ಸಂಶಯ ಮೂಡಿದಲ್ಲಿ ಪರೀಕ್ಷೆ ನಡೆಯಲೇಬೇಕು ಎಂಬುದು ಅವರ ಪಕ್ಷ. ಬಿಸಿಲ್ಗುದುರೆಯ ಪರೀಕ್ಷೆ ನಾಲ್ಕು ಹೆಜ್ಜೆಯಲ್ಲಿ ಮುಗಿಯುತ್ತದೆ. ಅಕ್ಷರಗುಂಡಿನದು ಅಷ್ಟು ಸುಲಭವಲ್ಲ. ಸಮೀಪದ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರದ ಬೆಟ್ಟದ ಮೇಲೂ ಅದೇ ಶಾಸನದ ಪ್ರತಿಗಳಿವೆ. ಒಂದರಲ್ಲಿ ಸವೆದ ಅಕ್ಷರವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದಬೇಕಾಗುತ್ತದೆ.