ತಂಬಾಕು ಬೆಳೆಯುವ ತಾಲ್ಲೂಕುಗಳಲ್ಲಿ ಸುಸ್ಥಿರ ಬೇಸಾಯ: ಸೌದೆ ಉಳಿತಾಯ, ಟ್ರೇ ಸಸಿ ಮತ್ತು ಎರಡನೇ ಬೆಳೆಯಾಗಿ ರಾಗಿ

ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಹಾಗೂ ಕೃಷ್ಣರಾಜನಗರ ಭಾಗದ ಕೆಂಪು ಮರಳುಮಿಶ್ರಿತ ಭೂಮಿಯಲ್ಲಿ ಮಳೆಯಾಶ್ರಯದ ವರ್ಜೀನಿಯಾ ತಂಬಾಕು ಪ್ರಮುಖ ವಾಣಿಜ್ಯ ಬೆಳೆಯಾಗಿರುತ್ತದೆ. ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ಭತ್ತವೇ ಮುಖ್ಯ. ತಂಬಾಕು ಅಲ್ಲಿಯ ಖುಷ್ಕಿ ಜಮೀನಿಗೆ ಸೀಮಿತ. 1975ರ ಅಧಿನಿಯಮದನ್ವಯ 1976ರಲ್ಲಿ ಸ್ಥಾಪಿತವಾದ ತಂಬಾಕು ಮಂಡಳಿಯು ಬೆಳೆಗಾರರನ್ನು ನೋಂದಾಯಿಸಿ, ಬ್ಯಾರನ್‌ಗಳಿಗೆ ಪರವಾನಗಿ ನೀಡಿ, ಪ್ರತಿ ವರ್ಷ ಬೆಳೆಯ ಪ್ರಮಾಣವನ್ನು ನಿಗದಿಪಡಿಸುತ್ತದೆ. ಕರ್ನಾಟಕದಲ್ಲಿ ಮಂಡಳಿಯ ಹರಾಜು ಪದ್ಧತಿಯು 1984ರಲ್ಲಿ ಜಾರಿಗೆ ಬಂದಿತು. ಕಟ್ಟೆಮಳಲವಾಡಿ, ಚಿಲ್ಕುಂದ, ಪಿರಿಯಾಪಟ್ಟಣ, ಕಂಪಲಾಪುರ ಮತ್ತು ಹೆಗ್ಗಡದೇವನಕೋಟೆಯ ಹರಾಜು ಮಾರುಕಟ್ಟೆಗಳು ಈ ಭಾಗದ ರೈತರಿಗೆ ಚಿರಪರಿಚಿತ.

ಈ ಬೆಳೆಯಿಂದ ಹಣ ಬರುತ್ತದೆ. ಆದರೆ ಬಂದ ಹಣದ ಹಿಂದೆ ಎಷ್ಟು ಮರ ಸುಟ್ಟಿತು, ಅದೇ ಭೂಮಿಯಲ್ಲಿ ಆಹಾರ ಬೆಳೆಗೆ ಎಷ್ಟು ಅವಕಾಶ ಉಳಿಯಿತು ಎಂಬ ಎರಡು ಲೆಕ್ಕಗಳನ್ನು ಸಾಮಾನ್ಯವಾಗಿ ಬರೆದಿಡುವುದಿಲ್ಲ. ನಾಲ್ಕು ತಾಲ್ಲೂಕುಗಳಲ್ಲಿ ಸುಸ್ಥಿರತೆಯ ಪ್ರಶ್ನೆಯು ಬಹುಮಟ್ಟಿಗೆ ಈ ಎರಡು ಲೆಕ್ಕಗಳದ್ದೇ ಆಗಿದೆ.

ಬ್ಯಾರನ್ ಮತ್ತು ಸೌದೆ

ಹಸಿ ಎಲೆಯ ತೂಕದಲ್ಲಿ ಶೇ. 80ಕ್ಕೂ ಹೆಚ್ಚು ಭಾಗ ನೀರು. ಹೊಗೆ ತಾಗದಂತೆ, ಕಬ್ಬಿಣದ ಕೊಳವೆಗಳ ಮೂಲಕ ಹಾಯುವ ಬಿಸಿಯಿಂದಲೇ ಈ ನೀರನ್ನು ಹೊರಹಾಕಬೇಕಾಗುತ್ತದೆ. ಎಲೆಯನ್ನು ಮೊದಲು ಸುಮಾರು 95ರಿಂದ 100 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಹಳದಿಗೆ ತಿರುಗಿಸಿ, ಅನಂತರ ಬಣ್ಣವನ್ನು ಸ್ಥಿರಗೊಳಿಸಿ, ಎಲೆಯ ಹಾಳೆಯನ್ನು ಒಣಗಿಸಿ, ಕೊನೆಗೆ 160 ಡಿಗ್ರಿಯವರೆಗೆ ಏರಿಸಿ ನಡುದಿಂಡನ್ನು ಒಣಗಿಸಲಾಗುತ್ತದೆ. ಒಂದು ಸಲದ ಬೇಯಿಸುವಿಕೆಗೆ ಐದಾರು ಹಗಲು, ಐದಾರು ರಾತ್ರಿ ಬೇಕು. ಅಷ್ಟು ಕಾಲ ಒಲೆ ಆರುವಂತಿಲ್ಲ, ಶಾಖ ಜಿಗಿಯುವಂತೆಯೂ ಇಲ್ಲ.

ಹದಗೊಂಡ ಒಂದು ಕೆ.ಜಿ. ತಂಬಾಕಿಗೆ ಸಾಮಾನ್ಯ ಬ್ಯಾರನ್‌ನಲ್ಲಿ 4ರಿಂದ 5 ಕೆ.ಜಿ. ಸೌದೆ ವ್ಯಯವಾಗುತ್ತದೆ. ಕಡಿಮೆ ಅಂಕಿಯನ್ನೇ ಹಿಡಿದರೂ, 1,500 ಕೆ.ಜಿ. ಎಲೆ ಹದಗೊಳಿಸುವ ಕುಟುಂಬವೊಂದಕ್ಕೆ 6 ಟನ್ ಸೌದೆ ಬೇಕು. ಇಡೀ ರಾಜ್ಯಕ್ಕೆ ಮಂಡಳಿಯು ಇತ್ತೀಚಿನ ವರ್ಷಗಳಲ್ಲಿ ನಿಗದಿಪಡಿಸುತ್ತಿರುವ ಪ್ರಮಾಣ ಸುಮಾರು 10 ಕೋಟಿ ಕೆ.ಜಿ. ಅದೇ ದರದಲ್ಲಿ ಲೆಕ್ಕ ಹಾಕಿದರೆ 4 ಲಕ್ಷ ಟನ್, ಅಂದರೆ ತಲಾ 10 ಟನ್‌ನ 40,000 ಲಾರಿ ಸೌದೆಯಾಗುತ್ತದೆ. ಕೆ.ಜಿ.ಯೊಂದಕ್ಕೆ ಒಂದೇ ಒಂದು ಕೆ.ಜಿ. ಸೌದೆ ಉಳಿಸಿದರೂ 10,000 ಲಾರಿ ಉಳಿಯುತ್ತದೆ ಎಂಬುದು ಗಮನಾರ್ಹ.

ಉಳಿಸುವ ದಾರಿಗಳು ಕಷ್ಟದವೇನಲ್ಲ. ಚಾವಣಿಯ ಸಂದು, ಬಾಗಿಲಿನ ಬಿರುಕು, ಸವೆದ ಕೊಳವೆ ಇವುಗಳಿಂದಲೇ ಬಹಳಷ್ಟು ಶಾಖ ಹೊರಹೋಗುತ್ತದೆ. ಚಾವಣಿಯ ಕೆಳಗೆ ಶಾಖನಿರೋಧಕ ಹೊದಿಕೆ ಹಾಕುವುದು, ಒಲೆಗೆ ಕಬ್ಬಿಣದ ಜಾಲರಿ ಕೂರಿಸಿ ಗಾಳಿ ಕೆಳಗಿನಿಂದ ಬರುವಂತೆ ಮಾಡುವುದು, ಹೊಗೆ ಕೊಳವೆಗೆ ತಡೆಹಲಗೆ ಅಳವಡಿಸುವುದು ಪ್ರಯೋಜನಕಾರಿ. ಎಲೆಯನ್ನು ಕಡ್ಡಿಗೆ ಕಟ್ಟದೆ ಬಿಡಿಯಾಗಿ ಜೋಡಿಸಿ, ಫ್ಯಾನ್ ಮೂಲಕ ಬಿಸಿಗಾಳಿ ಹಾಯಿಸುವ ಬ್ಯಾರನ್‌ಗಳಲ್ಲಿ ಸೌದೆಯೊಡನೆ ಕೂಲಿಯೂ ಉಳಿಯುತ್ತದೆ; ಆದರೆ ಬಂಡವಾಳ ಹೆಚ್ಚು, ವಿದ್ಯುತ್ ನಿಂತರೆ ತೊಂದರೆ. ಇವೆಲ್ಲಕ್ಕಿಂತ ಅಗ್ಗದ ಉಪಾಯವೊಂದಿದೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರಿರುವುದರಿಂದ ಅದನ್ನು ಉರಿಸುವವನು ಎಲೆಯ ನೀರಿಗೂ ಮೊದಲು ಸೌದೆಯ ನೀರನ್ನು ಆರಿಸಬೇಕಾಗುತ್ತದೆ. ಬೇಸಿಗೆಯಲ್ಲೇ ಸೌದೆ ಸೀಳಿ, ಒಟ್ಟಿ, ಮಳೆ ತಾಗದಂತೆ ಹೊದಿಸಿಟ್ಟರೆ ಖರ್ಚಿಲ್ಲದೆ ಉಳಿತಾಯವಾಗುತ್ತದೆ. ಆಷಾಢದ ಮಳೆಯಲ್ಲಿ ನೆನೆದ ಸೌದೆ ಕೊಂಡು ಬ್ಯಾರನ್ ಹೊತ್ತಿಸುವುದು ಎಲ್ಲ ರೀತಿಯಿಂದಲೂ ನಷ್ಟ.

ಸೌದೆಯ ಬದಲಿಗೆ ಕಾಫಿ ಸಿಪ್ಪೆ, ಕಡಲೆಕಾಯಿ ಸಿಪ್ಪೆ, ತೆಂಗಿನ ತ್ಯಾಜ್ಯ ಹಾಗೂ ಅವುಗಳನ್ನು ಒತ್ತಿ ತಯಾರಿಸಿದ ಇಂಧನ ಇಟ್ಟಿಗೆಗಳನ್ನು ಬಳಸಬಹುದಾಗಿದೆ. ಕೊಡಗಿನ ಸಾಮೀಪ್ಯದಿಂದ ಕಾಫಿ ಸಿಪ್ಪೆ ಈ ಭಾಗಕ್ಕೆ ದೂರದ್ದಲ್ಲ. ಆದರೆ ಪುಡಿ ಇಂಧನವು ಹಳೆಯ ಒಲೆಯಲ್ಲಿ ಸರಿಯಾಗಿ ಉರಿಯದು. ಒಲೆ ಬದಲಿಸದೆ ಇಂಧನ ಬದಲಿಸುವುದು ಸೂಕ್ತವಲ್ಲ.

ಇಲ್ಲಿ ಒಂದು ಅಂಶವನ್ನು ಸ್ಪಷ್ಟಪಡಿಸುವುದು ಅಗತ್ಯ. ಪ್ರತಿ ಕೆ.ಜಿ.ಗೆ ಸೌದೆ ಉಳಿದ ಮಾತ್ರಕ್ಕೆ ಮರ ಉಳಿದಂತಾಗುವುದಿಲ್ಲ. ಉಳಿದ ಹಣವು ಪರವಾನಗಿ ಮೀರಿದ ಬೆಳೆಗೆ ಹೋದರೆ ಒಟ್ಟು ಸೌದೆ ಹಿಂದಿನಷ್ಟೇ ಉರಿಯುತ್ತದೆ. ಆದಕಾರಣ ತನ್ನ ಬ್ಯಾರನ್‌ಗೆ ಬೇಕಾದ ಸೌದೆಯನ್ನು ತನ್ನ ಬದುವಿನಲ್ಲೇ ಬೆಳೆಯುವ ರೈತನ ಲೆಕ್ಕ ಮಾತ್ರ ಸರಿಹೊಂದುತ್ತದೆ. ಸರ್ವೆ, ಹೆಬ್ಬೇವು, ಸಿಲ್ವರ್ ಓಕ್ ಮುಂತಾದವು ಬದುಗಳಿಗೆ ಹೊಂದುತ್ತವೆ. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಡಿ, ನೆಟ್ಟು ಬದುಕುಳಿದ ಸಸಿಗಳನ್ನು ಎಣಿಸಿ ಮೂರು ವರ್ಷ ಪ್ರೋತ್ಸಾಹಧನ ನೀಡಲಾಗುತ್ತದೆ. ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ ಹಣ ಎಂಬುದು ಈ ಯೋಜನೆಯ ಮೆಚ್ಚತಕ್ಕ ಅಂಶ.

ಟ್ರೇ ಸಸಿ

ತಂಬಾಕಿನ ಬೀಜ ಅತಿ ಸಣ್ಣದು. ಒಂದು ಗ್ರಾಂನಲ್ಲಿ ಹತ್ತು ಸಾವಿರದಷ್ಟು ಬೀಜಗಳಿರುತ್ತವೆ. ಹಿಂದೆ ಸಸಿಮಡಿಯಿಂದ ಕಿತ್ತು ನೇರವಾಗಿ ಹೊಲಕ್ಕೆ ನೆಡುತ್ತಿದ್ದಾಗ ಬೇರು ಹರಿದು, ಬಿಸಿಲು ಬಿದ್ದರೆ ಸಸಿ ಬಾಡಿ, ಎರಡು ಮೂರು ಬಾರಿ ತೆರಪು ತುಂಬಬೇಕಾಗುತ್ತಿತ್ತು. ಈಗ ಎಳೆಯ ಸಸಿಯನ್ನು ಮಡಿಯಿಂದ ತೆಗೆದು, ಕೊಳೆಸಿದ ತೆಂಗಿನ ನಾರಿನ ಪುಡಿ ತುಂಬಿದ ಪ್ಲಾಸ್ಟಿಕ್ ಟ್ರೇಗಳಲ್ಲಿ ಬೆಳೆಸುವ ಕ್ರಮ ವ್ಯಾಪಕವಾಗಿದೆ. ನಾರಿನ ಪುಡಿಗೆ ಟ್ರೈಕೋಡರ್ಮಾ ಬೆರೆಸಿದಲ್ಲಿ ಸಸಿ ಕೊಳೆಯುವ ರೋಗ ಹತೋಟಿಗೆ ಬರುತ್ತದೆ. ಬೇರಿನ ಮುದ್ದೆ ಒಡೆಯದೆ ನೆಟ್ಟ ಸಸಿ ಮಳೆ ಕೆಲದಿನ ಕೈಕೊಟ್ಟರೂ ತಡೆದುಕೊಳ್ಳುತ್ತದೆ. ಬೇರುಗಂಟು ಜಂತುಹುಳುವಿನ ಬಾಧೆಯಿರುವಲ್ಲಿ ಬೇಸಿಗೆಯಲ್ಲಿ ಮಡಿಯನ್ನು ನೆನೆಸಿ, ಪಾಲಿಥೀನ್ ಹಾಳೆ ಹೊದಿಸಿ, ಬಿಸಿಲಿಗೆ ಕಾಯಿಸುವುದು ವಿಷಕ್ಕಿಂತ ಮೇಲು. ಹರಿದ ಟ್ರೇಗಳನ್ನು ಹಳ್ಳಕ್ಕೆ ಎಸೆಯುವ ಅಭ್ಯಾಸವನ್ನು ರೈತ ಬಾಂಧವರು ಕೈಬಿಡತಕ್ಕದ್ದು.

ತಂಬಾಕಿನ ನಂತರ ರಾಗಿ

ಟ್ರೇ ಸಸಿಯ ನಿಜವಾದ ಲಾಭ ಕಾಣುವುದು ವರ್ಷದ ಉತ್ತರಾರ್ಧದಲ್ಲಿ. ಭರಣಿ, ಕೃತ್ತಿಕೆ ಮಳೆಗೆ ಸಕಾಲದಲ್ಲಿ ನೆಟ್ಟು, ತೆರಪಿಲ್ಲದೆ ಒಂದೇ ಸಮನೆ ಬೆಳೆದ ಹೊಲವು ಬೇಗ ಖಾಲಿಯಾಗುತ್ತದೆ. ಗಿಡದ ಕೂಳೆಯನ್ನು ಕೂಡಲೇ ಕಿತ್ತು ಉತ್ತರೆ, ಹಸ್ತೆ ಮಳೆಯ ತೇವಕ್ಕೆ ರಾಗಿ ಬಿತ್ತಲು ಆಗ ಸಾಧ್ಯ. ತಂಬಾಕಿಗೆ ಹಾಕಿದ ಗೊಬ್ಬರದ ಉಳಿಕೆ ರಾಗಿಗೆ ಒದಗುತ್ತದೆ. ಪರ್ಯಾಯ ಬೆಳೆಯಿಂದ ಜಂತುಹುಳುವಿನ ಒತ್ತಡವೂ ತಗ್ಗುತ್ತದೆ. ತಡವಾದ ಬಿತ್ತನೆಗೆ ಜಿ.ಪಿ.ಯು. 26, ಜಿ.ಪಿ.ಯು. 45ರಂತಹ ಅಲ್ಪಾವಧಿ ತಳಿಗಳು ಯೋಗ್ಯ. ಅಕ್ಕಡಿ ಸಾಲಿನಲ್ಲಿ ಅವರೆ ಹಾಕುವ ಹಿರಿಯರ ಪದ್ಧತಿಯನ್ನು ಬಿಡಬಾರದು. ತೇವ ಸಾಲದಾದರೆ ಹುರುಳಿ ಇದೆ. ಕೂಳೆಯನ್ನು ಹೊಲದಲ್ಲೇ ಬಿಟ್ಟರೆ ಅದು ಚಿಗುರಿ ಕೀಟ, ರೋಗಗಳಿಗೆ ಆಶ್ರಯವಾಗುತ್ತದೆ, ರಾಗಿಯ ಹದವೂ ತಪ್ಪುತ್ತದೆ. ನಾಟಿ ಹದಿನೈದು ದಿನ ತಡವಾದರೆ ಮನೆಯ ಕಣಜಕ್ಕೆ ಬರಬೇಕಾದ ರಾಗಿ ತಪ್ಪಿದಂತೆ.

ಬೆಳೆ ಬದಲಾವಣೆ

ಭಾರತವು 2004ರಲ್ಲಿ ಅನುಮೋದಿಸಿದ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಡಂಬಡಿಕೆಯು ಬೆಳೆಗಾರರಿಗೆ ಬದಲಿ ಜೀವನೋಪಾಯ ಒದಗಿಸುವುದನ್ನೂ, ಪರಿಸರ ರಕ್ಷಣೆಯನ್ನೂ ಒಳಗೊಂಡಿದೆ. ಕೇಂದ್ರದ ಬೆಳೆ ವೈವಿಧ್ಯೀಕರಣ ಕಾರ್ಯಕ್ರಮವನ್ನು 2015-16ರಿಂದ ತಂಬಾಕು ಬೆಳೆಯುವ ರಾಜ್ಯಗಳಿಗೂ ವಿಸ್ತರಿಸಲಾಯಿತು. 2023ರ ವಿಶ್ವ ತಂಬಾಕುರಹಿತ ದಿನದ ಘೋಷಣೆಯೂ ತಂಬಾಕಲ್ಲ, ಆಹಾರ ಬೇಕು ಎಂಬುದಾಗಿತ್ತು. ಕೀನ್ಯಾದ ಮಿಗೋರಿ ಪ್ರಾಂತದಲ್ಲಿ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಕಬ್ಬಿಣಾಂಶ ಹೆಚ್ಚಿರುವ ಹುರುಳಿಕಾಯಿ ಜಾತಿಯ ಕಾಳನ್ನು ತಂಬಾಕಿಗೆ ಬದಲಾಗಿ ಪ್ರೋತ್ಸಾಹಿಸಿವೆ. ಅಲ್ಲಿ ಬೀಜದೊಡನೆ ಕೊಳ್ಳುವವರನ್ನೂ ಒದಗಿಸಲಾಯಿತು.

ನಮ್ಮ ರೈತನು ತಂಬಾಕನ್ನು ಬಿಡದಿರಲು ಕಾರಣವೂ ಅದೇ: ಹರಾಜಿನಲ್ಲಿ ಕೊಳ್ಳುವವರಿದ್ದಾರೆ, ಬ್ಯಾರನ್‌ಗೆ ಹಾಕಿದ ಬಂಡವಾಳ ಅಲ್ಲೇ ನಿಂತಿದೆ. ಹೆಗ್ಗಡದೇವನಕೋಟೆ, ಹುಣಸೂರಿನ ಕಾಡಂಚಿನ ಗ್ರಾಮಗಳಲ್ಲಿ ಇನ್ನೊಂದು ಕಾರಣವಿದೆ. ನಾಗರಹೊಳೆಯಿಂದ ಬರುವ ಆನೆ, ಕಾಡುಹಂದಿಗಳು ರಾಗಿ, ಜೋಳವನ್ನು ತಿನ್ನುತ್ತವೆ. ತಂಬಾಕನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಂತಹ ಊರುಗಳಲ್ಲಿ ಬದಲಿ ಬೆಳೆಯ ಬೀಜಕ್ಕಿಂತ ಮೊದಲು ಬೇಲಿ, ಕಂದಕಗಳ ವ್ಯವಸ್ಥೆ ಆಗಬೇಕಾಗುತ್ತದೆ. ರಾಗಿಗೆ ಬೆಂಬಲ ಬೆಲೆಯ ಖರೀದಿ ಇದ್ದು, 2024-25ನೇ ಸಾಲಿಗೆ ಕ್ವಿಂಟಲ್‌ಗೆ ರೂ. 4,290 ನಿಗದಿಯಾಗಿತ್ತು. ಖರೀದಿ ಕೇಂದ್ರದಲ್ಲಿ ಮಾರಲಿಚ್ಛಿಸುವವರು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಾಯಿಸಿ, ಪಹಣಿಯಲ್ಲಿ ಎರಡನೇ ಬೆಳೆ ರಾಗಿ ನಮೂದಾಗಿರುವುದನ್ನು ಖಚಿತಪಡಿಸಿಕೊಳ್ಳುವುದು. ತಂಬಾಕು ಮಾತ್ರ ದಾಖಲಾಗಿದ್ದಲ್ಲಿ ಬೆಳೆದ ರಾಗಿಯನ್ನು ಮಾರುವಾಗ ತೊಡಕಾಗಬಹುದು.

ಬಿತ್ತನೆ ಬೀಜ ಮತ್ತು ಜೈವಿಕ ಶಿಲೀಂಧ್ರನಾಶಕಗಳಿಗಾಗಿ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನೂ, ಬದುವಿನ ಸಸಿಗಳಿಗಾಗಿ ಮುಂಗಾರಿಗೆ ಮೊದಲೇ ವಲಯ ಅರಣ್ಯಾಧಿಕಾರಿಗಳ ಕಚೇರಿಯನ್ನೂ, ಬ್ಯಾರನ್ ಸುಧಾರಣೆಗಾಗಿ ಸಂಬಂಧಪಟ್ಟ ಹರಾಜು ಮಾರುಕಟ್ಟೆಯ ಅಧಿಕಾರಿಗಳನ್ನೂ ಸಂಪರ್ಕಿಸಬಹುದಾಗಿದೆ.